ತುಕ್ಕು ನಿರೋಧಕ ಉಕ್ಕಿನ ದರ್ಜೆಗಳು ಮತ್ತು ಅವುಗಳ ಅಂತಾರಾಷ್ಟ್ರೀಯ ಸಮಾನತೆ: ಒಂದು ಚಾರಿತ್ರಿಕ ಅವಲೋಕನ

ಲೋಹಗಳ ಇತಿಹಾಸವೆಂದರೆ ಸಾಮಾನ್ಯವಾಗಿ ಗಣಿ, ಕುಲುಮೆ ಮತ್ತು ಆಯುಧಗಳ ಇತಿಹಾಸವೆಂದೇ ಭಾವಿಸಲಾಗುತ್ತದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಜನ್ಮತಳೆದ ತುಕ್ಕು ನಿರೋಧಕ ಉಕ್ಕಿನ ವಿಷಯದಲ್ಲಿ ಇವುಗಳಷ್ಟೇ ಮಹತ್ವದ ಇನ್ನೊಂದು ಆಕರವಿದೆ. ಅದು ಆ ಉಕ್ಕಿಗೆ ವಿವಿಧ ದೇಶಗಳು ಕೊಟ್ಟ ಹೆಸರು ಮತ್ತು ಸಂಖ್ಯೆಗಳ ಇತಿಹಾಸ. ಅಮೆರಿಕದವರು 304 ಎಂದು ಕರೆಯುವ ಲೋಹವನ್ನು ಜರ್ಮನಿ 1.4301 ಎಂದೂ, ಜಪಾನ್ ಎಸ್‌ಯುಎಸ್ 304 ಎಂದೂ, ರಷ್ಯಾ 08ಖ18ನ10 ಎಂದೂ, ಭಾರತೀಯ ಮಾನಕ ಎಕ್ಸ್04ಸಿಆರ್19ಎನ್‌ಐ9 ಎಂದೂ ಗುರುತಿಸುತ್ತವೆ. ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು ‘ಸಮಾನ’ವೆಂದು ಸೂಚಿಸುವ ಕೋಷ್ಟಕಗಳು ತಾಂತ್ರಿಕ ಕೈಪಿಡಿಗಳಲ್ಲಿ ಹೇರಳವಾಗಿವೆ. ಈ ಸಮಾನತೆ ಎಷ್ಟರಮಟ್ಟಿಗೆ ನಿಜ, ಅದು ಹೇಗೆ ರೂಪುಗೊಂಡಿತು, ಅದರ ಹಿಂದಿರುವ ಚಾರಿತ್ರಿಕ ಕಾರಣಗಳು ಯಾವುವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪೂರ್ವಪೀಠಿಕೆ: ಉಕ್ಕಿನಿಂದ ಕ್ರೋಮಿಯಂ ಉಕ್ಕಿನವರೆಗೆ

ಈ ಇತಿಹಾಸದ ಆರಂಭದಲ್ಲಿ ಕನ್ನಡ ನಾಡಿನ ಸಂಬಂಧವೊಂದು ಇರುವುದು ಗಮನಾರ್ಹ. ದಕ್ಷಿಣ ಭಾರತದ ಮೂಸೆಯ ಉಕ್ಕು ಯುರೋಪಿನಲ್ಲಿ ‘ವೂಟ್ಜ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಈ ಹೆಸರು ಕನ್ನಡದ ‘ಉಕ್ಕು’ ಪದದ ಅಪಭ್ರಂಶವೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ವ್ಯಾಪಕವಾಗಿದೆ. 1800-01ರಲ್ಲಿ ಮೈಸೂರು ಪ್ರಾಂತ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಸೀಮೆಯ ಕಬ್ಬಿಣ ಹಾಗೂ ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ದಾಖಲಿಸಿದ್ದಾನೆ. ಅದಕ್ಕೂ ಮೊದಲೇ, 1790ರ ದಶಕದಲ್ಲಿ, ಮುಂಬಯಿಯಿಂದ ಕಳುಹಿಸಲಾದ ವೂಟ್ಜ್ ಮಾದರಿಗಳು ಲಂಡನ್ನಿನ ರಾಯಲ್ ಸೊಸೈಟಿಯನ್ನು ತಲುಪಿದ್ದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಅವುಗಳ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದನು.

ಈ ಉಕ್ಕಿನ ಶ್ರೇಷ್ಠತೆಯ ಗುಟ್ಟನ್ನು ಅರಿಯುವ ಹಂಬಲವೇ ಮೈಕೆಲ್ ಫ್ಯಾರಡೆಯನ್ನು ಲೋಹವಿಜ್ಞಾನದತ್ತ ಸೆಳೆಯಿತು. 1819ರಲ್ಲಿ ಆತ ವೂಟ್ಜ್‌ನ ವಿಶ್ಲೇಷಣೆಯನ್ನು ಪ್ರಕಟಿಸಿದನು. ಅನಂತರ ಶಸ್ತ್ರಕ್ರಿಯೆಯ ಉಪಕರಣಗಳ ತಯಾರಕನಾದ ಜೇಮ್ಸ್ ಸ್ಟೊಡಾರ್ಟ್‌ನ ಜೊತೆಗೂಡಿ ಉಕ್ಕಿಗೆ ಬೇರೆಬೇರೆ ಲೋಹಗಳನ್ನು ಬೆರೆಸುವ ಪ್ರಯೋಗಗಳನ್ನು ಕೈಗೊಂಡನು. 1820 ಮತ್ತು 1822ರಲ್ಲಿ ಪ್ರಕಟವಾದ ಇವರ ಪ್ರಬಂಧಗಳು ಮಿಶ್ರಲೋಹದ ಉಕ್ಕಿನ ವ್ಯವಸ್ಥಿತ ಅಧ್ಯಯನದ ಮೊದಲ ಹೆಜ್ಜೆಗಳಾಗಿದ್ದು, ಬೆರೆಸಿದ ಲೋಹಗಳಲ್ಲಿ ಕ್ರೋಮಿಯಂ ಸಹ ಒಂದಾಗಿತ್ತು. ವೂಟ್ಜ್‌ನ ಗುಣಕ್ಕೆ ಅದರಲ್ಲಿನ ಅಲ್ಯೂಮಿನಾ ಮೊದಲಾದ ಅಂಶಗಳೇ ಕಾರಣವೆಂಬ ಫ್ಯಾರಡೆಯ ಊಹೆ ತಪ್ಪಾಗಿತ್ತು. ಆದರೆ ಆ ತಪ್ಪು ಊಹೆಯೇ ಸರಿಯಾದ ದಾರಿಯೊಂದನ್ನು ತೆರೆಯಿತು. ಫ್ಯಾರಡೆ ಉಳಿಸಿಹೋಗಿದ್ದ ಮಾದರಿಗಳನ್ನು ಸುಮಾರು ನೂರು ವರ್ಷಗಳ ತರುವಾಯ ರಾಬರ್ಟ್ ಹ್ಯಾಡ್‌ಫೀಲ್ಡ್ ಪುನಃ ಪರೀಕ್ಷಿಸಿ, 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಫ್ರಾನ್ಸಿನ ಪಿಯರ್ ಬರ್ಥಿಯೆ 1821ರಲ್ಲಿ ಕ್ರೋಮಿಯಂ ಬೆರೆತ ಕಬ್ಬಿಣವು ಆಮ್ಲಗಳನ್ನು ತಡೆದುಕೊಳ್ಳುವುದನ್ನು ಗುರುತಿಸಿ, ಅದರಿಂದ ಚಾಕುಚೂರಿಗಳನ್ನು ತಯಾರಿಸಬಹುದೆಂದು ಸೂಚಿಸಿದನು. ಆದರೂ ಬಳಕೆಗೆ ಯೋಗ್ಯವಾದ ಲೋಹ ದೊರೆಯಲು ತೊಂಬತ್ತು ವರ್ಷಗಳೇ ಬೇಕಾದವು. ಇದಕ್ಕೆ ಎರಡು ಕಾರಣಗಳನ್ನು ಕಾಣಬಹುದು. ಮೊದಲನೆಯದು, ಅಂದು ದೊರೆಯುತ್ತಿದ್ದ ಕ್ರೋಮಿಯಂನಲ್ಲಿ ಇಂಗಾಲದ ಪ್ರಮಾಣ ಅಧಿಕವಾಗಿದ್ದು, ಅದನ್ನು ಹೆಚ್ಚಾಗಿ ಬೆರೆಸಿದರೆ ಉಕ್ಕು ಪೆಡಸಾಗುತ್ತಿತ್ತು. 1895ರ ಸುಮಾರಿಗೆ ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ ಅಲ್ಯೂಮಿನಿಯಂ ಸಹಾಯದಿಂದ ಇಂಗಾಲರಹಿತ ಕ್ರೋಮಿಯಂ ಪಡೆಯುವ ವಿಧಾನವನ್ನು ರೂಪಿಸಿದ ಮೇಲೆ ಈ ಅಡಚಣೆ ನಿವಾರಣೆಯಾಯಿತು. ಎರಡನೆಯ ಕಾರಣ ಪರೀಕ್ಷಾ ವಿಧಾನಕ್ಕೆ ಸಂಬಂಧಿಸಿದುದು. 1892ರಲ್ಲಿ ಹ್ಯಾಡ್‌ಫೀಲ್ಡ್ ಕ್ರೋಮಿಯಂ ಉಕ್ಕುಗಳನ್ನು ಶೇ. 50ರ ಗಂಧಕಾಮ್ಲದಲ್ಲಿ ಪರೀಕ್ಷಿಸಿ, ಕ್ರೋಮಿಯಂನಿಂದ ಉಕ್ಕಿನ ಸವೆತ ನಿರೋಧಕ ಶಕ್ತಿ ಕುಗ್ಗುವುದೆಂಬ ತೀರ್ಮಾನಕ್ಕೆ ಬಂದನು. ಆ ಆಮ್ಲಕ್ಕೆ ಸಂಬಂಧಿಸಿದಂತೆ ಆ ಮಾತು ಸರಿಯಾಗಿದ್ದರೂ ಗಾಳಿ, ನೀರು ಮತ್ತು ನೈಟ್ರಿಕ್ ಆಮ್ಲಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಒಂದು ಸನ್ನಿವೇಶದ ಫಲಿತಾಂಶವನ್ನು ಎಲ್ಲ ಸನ್ನಿವೇಶಗಳಿಗೂ ವಿಸ್ತರಿಸಿದ ಈ ಪ್ರಮಾದವು ಮುಂದೆ ಚರ್ಚಿಸಲಿರುವ ಸಮಾನತೆಯ ಪ್ರಶ್ನೆಗೂ ಪಾಠವಾಗಬಲ್ಲದು.

1904ರಿಂದೀಚೆಗೆ ಫ್ರಾನ್ಸಿನ ಲಿಯೋನ್ ಗಿಯೆ ಇಂದಿನ ಹಲವು ದರ್ಜೆಗಳಿಗೆ ಸಮೀಪವಾದ ಮಿಶ್ರಲೋಹಗಳ ರಚನೆಯನ್ನು ಅಧ್ಯಯನ ಮಾಡಿದನು. ಆದರೆ ಅವು ತುಕ್ಕು ಹಿಡಿಯವೆಂಬ ಗುಣ ಆತನ ಗಮನಕ್ಕೆ ಬರಲಿಲ್ಲ. 1911ರಲ್ಲಿ ಜರ್ಮನಿಯ ಫಿಲಿಪ್ ಮೊನಾರ್ಟ್ಸ್, ಕ್ರೋಮಿಯಂ ಸುಮಾರು ಶೇ. 12ನ್ನು ಮುಟ್ಟಿದಾಗ ಉಕ್ಕಿನ ನಡವಳಿಕೆ ಥಟ್ಟನೆ ಬದಲಾಗುವುದನ್ನೂ ಅದಕ್ಕೆ ‘ನಿಷ್ಕ್ರಿಯತೆ’ಯೇ ಕಾರಣವೆಂಬುದನ್ನೂ ತೋರಿಸಿಕೊಟ್ಟನು. ಉಕ್ಕಿನ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರುಗಳಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪೊರೆ ಉಂಟಾಗುತ್ತದೆ. ಗೀರು ಬಿದ್ದರೂ ಆಮ್ಲಜನಕದ ಸಂಪರ್ಕದಿಂದ ತಾನಾಗಿಯೇ ಮತ್ತೆ ಕೂಡಿಕೊಳ್ಳುವ ಈ ಪೊರೆಯೇ ಒಳಗಿನ ಲೋಹವನ್ನು ಕಾಯುತ್ತದೆ.

ಜನನ ಮತ್ತು ನಾಮಕರಣ

1912-13ರ ಅವಧಿಯಲ್ಲಿ ಮೂರು ದೇಶಗಳಲ್ಲಿ ಪ್ರತ್ಯೇಕವಾಗಿ ಈ ಉಕ್ಕು ಬಳಕೆಯ ಹಂತವನ್ನು ತಲುಪಿತು. ಜರ್ಮನಿಯ ಕ್ರುಪ್ ಸಂಸ್ಥೆಯಲ್ಲಿ ಬೆನೊ ಸ್ಟ್ರೌಸ್ ಮತ್ತು ಎಡ್ವರ್ಡ್ ಮೌರೆರ್ ಕ್ರೋಮಿಯಂ ಹಾಗೂ ನಿಕಲ್ ಎರಡನ್ನೂ ಬೆರೆಸಿದ ಉಕ್ಕುಗಳನ್ನು ಸಿದ್ಧಪಡಿಸಿದರು. 1912ರ ಅಕ್ಟೋಬರಿನಲ್ಲಿ ಇವುಗಳಿಗೆ ಪೇಟೆಂಟ್ ಅರ್ಜಿ ಸಲ್ಲಿಸಲಾಯಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬಂದೂಕಿನ ನಳಿಕೆಗಳ ಸವೆತವನ್ನು ತಡೆಯುವ ಉಪಾಯ ಹುಡುಕುತ್ತಿದ್ದ ಹ್ಯಾರಿ ಬ್ರಿಯರ್ಲಿ 1913ರ ಆಗಸ್ಟ್ 13ರಂದು ಶೇ. 12.8 ಕ್ರೋಮಿಯಂ ಮತ್ತು ಶೇ. 0.24 ಇಂಗಾಲವಿದ್ದ ಉಕ್ಕನ್ನು ಎರಕ ಹೊಯ್ಯಿಸಿದನು. ಸೂಕ್ಷ್ಮದರ್ಶಕದ ಪರೀಕ್ಷೆಗಾಗಿ ಆಮ್ಲ ಹಚ್ಚಿದಾಗ ಆ ಲೋಹವು ಸುಲಭವಾಗಿ ಕೊರೆಯಲ್ಪಡದಿದ್ದುದೇ ಆತನ ಶೋಧಕ್ಕೆ ಸೂಚನೆಯಾಯಿತು. ಅಮೆರಿಕದಲ್ಲಿ ಎಲ್‌ವುಡ್ ಹೇನ್ಸ್ ಇದೇ ದಿಕ್ಕಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದು, 1919ರಲ್ಲಿ ಪೇಟೆಂಟ್ ಪಡೆದನು.

ಈ ಉಕ್ಕಿನ ಹೆಸರುಗಳಲ್ಲಿನ ಬಹುತ್ವವೂ ಅಂದೇ ಆರಂಭವಾಯಿತು. ಬ್ರಿಯರ್ಲಿ ತನ್ನ ಲೋಹವನ್ನು ‘ತುಕ್ಕಿಲ್ಲದ ಉಕ್ಕು’ ಎಂದು ಕರೆದಿದ್ದನು. ಶೆಫೀಲ್ಡ್‌ನ ಚಾಕು ತಯಾರಿಕಾ ಸಂಸ್ಥೆಯೊಂದರ ಅರ್ನೆಸ್ಟ್ ಸ್ಟುವರ್ಟ್ ಅದನ್ನು ವಿನಿಗರ್‌ನಲ್ಲಿ ಪರೀಕ್ಷಿಸಿ ‘ಸ್ಟೇನ್‌ಲೆಸ್’, ಅಂದರೆ ಕಲೆಯಿಲ್ಲದ್ದು, ಎಂಬ ಹೆಸರನ್ನು ಸೂಚಿಸಿದನೆಂದು ತಿಳಿದುಬರುತ್ತದೆ. ಕ್ರುಪ್ ಸಂಸ್ಥೆಯ ಉಕ್ಕುಗಳು ವಿ1ಎಂ ಮತ್ತು ವಿ2ಎ ಎಂಬ ಸಂಕೇತಗಳನ್ನು ಪಡೆದವು. ಇಲ್ಲಿ ‘ವಿ’ ಎಂಬುದು ಪ್ರಯೋಗ ಎಂಬ ಅರ್ಥದ ಜರ್ಮನ್ ಪದದ ಮೊದಲ ಅಕ್ಷರ, ‘ಎಂ’ ಮತ್ತು ‘ಎ’ಗಳು ಮಾರ್ಟೆನ್ಸೈಟ್ ಹಾಗೂ ಆಸ್ಟೆನೈಟ್ ಎಂಬ ಆಂತರಿಕ ರಚನೆಗಳ ಸೂಚಕಗಳು. ಪ್ರಯೋಗಶಾಲೆಯ ಕಡತದ ಈ ತಾತ್ಕಾಲಿಕ ಗುರುತು ಇಂದಿಗೂ ಜರ್ಮನಿಯ ಮಾರುಕಟ್ಟೆಯಲ್ಲಿ ಆಡುಮಾತಾಗಿ ಉಳಿದಿದೆ. ಬ್ರಿಯರ್ಲಿಯ ಅನಂತರ ಶೆಫೀಲ್ಡ್‌ನ ಪ್ರಯೋಗಶಾಲೆಯ ಹೊಣೆ ಹೊತ್ತ ಡಬ್ಲ್ಯು. ಎಚ್. ಹ್ಯಾಟ್‌ಫೀಲ್ಡ್ 1924ರಲ್ಲಿ ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುವ ಸಂಯೋಜನೆಯನ್ನು ರೂಢಿಗೆ ತಂದನು. ಜಗತ್ತಿನಾದ್ಯಂತ ‘18/8’ ಎಂದು ಪಾತ್ರೆಗಳ ಮೇಲೆ ಅಚ್ಚಾಗಿರುವುದು ಇದೇ ಸಂಯೋಜನೆ. 1930ರಲ್ಲಿ ಪೂರ್ಣಗೊಂಡ ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ಶಿಖರಕ್ಕೆ ಹೊದಿಸಲಾದ ತಗಡೂ ಇದೇ ಬಗೆಯದು.

ಸಂಖ್ಯಾಪದ್ಧತಿಗಳ ಉಗಮ

ಪೇಟೆಂಟುಗಳ ಕಾಲದಲ್ಲಿ ಪ್ರತಿಯೊಂದು ಕಾರ್ಖಾನೆಯೂ ತನ್ನ ಉಕ್ಕಿಗೆ ತನ್ನದೇ ವ್ಯಾಪಾರನಾಮವನ್ನು ಇಟ್ಟುಕೊಂಡಿತ್ತು. ಕೊಳ್ಳುವವರಿಗೆ ಹೋಲಿಸಿ ನೋಡುವ ಮಾರ್ಗವಿರಲಿಲ್ಲ. ಈ ಗೊಂದಲಕ್ಕೆ ಪರಿಹಾರವಾಗಿ ಅಮೆರಿಕನ್ ಐರನ್ ಅಂಡ್ ಸ್ಟೀಲ್ ಇನ್‌ಸ್ಟಿಟ್ಯೂಟ್ ಮೂರಂಕಿಯ ಸಂಖ್ಯೆಗಳನ್ನು ಬಳಕೆಗೆ ತಂದಿತು. ಕ್ರೋಮಿಯಂ-ನಿಕಲ್ ಉಕ್ಕುಗಳು 300ರ ಸಾಲಿಗೂ, ನಿಕಲ್ ಇಲ್ಲದ ಅಥವಾ ಅತ್ಯಲ್ಪವಾಗಿರುವ ಕ್ರೋಮಿಯಂ ಉಕ್ಕುಗಳು 400ರ ಸಾಲಿಗೂ ಸೇರಿದವು. ಈ ಸಂಖ್ಯೆಗಳು ಕ್ರಮಾಂಕಗಳೇ ಹೊರತು ಸಂಯೋಜನೆಯನ್ನು ತಿಳಿಸುವುದಿಲ್ಲ. 304 ಎಂಬುದನ್ನು ನೋಡಿ ಅದರಲ್ಲಿ ಎಷ್ಟು ಕ್ರೋಮಿಯಂ ಇದೆಯೆಂದು ಹೇಳಲಾಗದು. 1970ರ ದಶಕದಲ್ಲಿ ರೂಪುಗೊಂಡ ಏಕೀಕೃತ ಸಂಖ್ಯಾಪದ್ಧತಿಯು ಇದನ್ನೇ ಎಸ್30400 ಎಂದು ವಿಸ್ತರಿಸಿತು.

ಜರ್ಮನಿಯ ಪದ್ಧತಿ ಇದಕ್ಕಿಂತ ಭಿನ್ನವಾದುದು. ಅಲ್ಲಿ ಒಂದೇ ಲೋಹಕ್ಕೆ ಎರಡು ಗುರುತುಗಳಿವೆ. ಎಕ್ಸ್5ಸಿಆರ್‌ಎನ್‌ಐ18-10 ಎಂಬುದು ಸಂಯೋಜನೆಯನ್ನು ಹೇಳುವ ಹೆಸರು. 1.4301 ಎಂಬುದು ವರ್ಗೀಕರಣದ ಸಂಖ್ಯೆ. ಮೊದಲ 1 ಉಕ್ಕನ್ನು ಸೂಚಿಸಿದರೆ, 43 ಎಂಬ ಜೋಡಿ ಅಂಕಿಗಳು ಶೇ. 2.5ಕ್ಕೆ ಕಡಿಮೆಯಿಲ್ಲದಂತೆ ನಿಕಲ್ ಇದ್ದು ಮಾಲಿಬ್ಡಿನಂ, ನಯೋಬಿಯಂ, ಟೈಟಾನಿಯಂಗಳಿಲ್ಲದ ಗುಂಪನ್ನು ಸೂಚಿಸುತ್ತವೆ. ಮಾಲಿಬ್ಡಿನಂ ಸೇರಿದರೆ ಅದು 44 ಆಗುತ್ತದೆ, ಟೈಟಾನಿಯಂನಂತಹ ವಿಶೇಷ ಧಾತುಗಳು ಸೇರಿದರೆ 45 ಆಗುತ್ತದೆ. 1995ರಲ್ಲಿ ಪ್ರಕಟವಾದ ಐರೋಪ್ಯ ಮಾನಕ ಇಎನ್ 10088 ಈ ಜರ್ಮನ್ ಸಂಖ್ಯೆಗಳನ್ನೇ ಇಡೀ ಯುರೋಪಿಗೆ ಅನ್ವಯಿಸಿತು.

ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ತುರ್ತಿನಲ್ಲಿ, 1941ರಲ್ಲಿ, ‘ಎನ್’ ಎಂಬ ಪೂರ್ವಪದವುಳ್ಳ ಸರಣಿ ಜಾರಿಗೆ ಬಂದಿತು. ಕ್ರೋಮಿಯಂ-ನಿಕಲ್ ಉಕ್ಕುಗಳು ಅಲ್ಲಿ ಎನ್ 58 ಎಂಬ ಗುಂಪಿನಲ್ಲಿದ್ದು, ಎನ್ 58ಇ ಎಂಬುದು 304ಕ್ಕೂ ಎನ್ 58ಜೆ ಎಂಬುದು 316ಕ್ಕೂ ಸಮೀಪವಾದವು. ಆಮೇಲೆ ಬ್ರಿಟನ್ ಅಮೆರಿಕದ ಸಂಖ್ಯೆಯನ್ನು ಒಳಗೊಂಡ 304ಎಸ್15 ಎಂಬ ಮಾದರಿಗೆ ಹೊರಳಿತು. ಯುದ್ಧಕಾಲದ ಆ ‘ಎನ್’ ಮತ್ತು ಇಂದಿನ ಐರೋಪ್ಯ ‘ಇಎನ್’ ಮೂಲ ಲಿಪಿಯಲ್ಲಿ ಒಂದೇ ಅಕ್ಷರಗಳಾದರೂ ಪರಸ್ಪರ ಸಂಬಂಧವಿಲ್ಲದವು. ಹಳೆಯ ನಕ್ಷೆಗಳನ್ನು ಓದುವವರು ಈ ವ್ಯತ್ಯಾಸವನ್ನು ಗಮನದಲ್ಲಿಡುವುದು ಅವಶ್ಯ. ಜಪಾನಿನಲ್ಲಿ ಮೊದಲು ಎಸ್‌ಯುಎಸ್ 27 ಎಂದಿದ್ದ ದರ್ಜೆ 1970ರ ದಶಕದ ಆರಂಭದಲ್ಲಿ ಎಸ್‌ಯುಎಸ್ 304 ಆಯಿತು. ಅಲ್ಲಿಯೂ ಅಮೆರಿಕದ ಸಂಖ್ಯೆಯ ಪ್ರಭಾವ ಸ್ಪಷ್ಟವಾಗಿದೆ.

ಸೋವಿಯೆತ್ ಒಕ್ಕೂಟದ ಗಾಸ್ಟ್ ಮಾನಕವು ಸಂಯೋಜನೆಯನ್ನೇ ಹೆಸರಾಗಿಸಿತು. ರಷ್ಯನ್ ವರ್ಣಮಾಲೆಯ ‘ಖ’ ಕ್ರೋಮಿಯಂಗೂ, ‘ನ’ ನಿಕಲ್‌ಗೂ, ‘ತ’ ಟೈಟಾನಿಯಂಗೂ, ‘ಮ’ ಮಾಲಿಬ್ಡಿನಂಗೂ ಸಂಕೇತಗಳು. ಹೀಗಾಗಿ 12ಖ18ನ10ತ ಎಂದರೆ ಇಂಗಾಲ ಶೇ. 0.12ಕ್ಕೆ ಮೀರದ, ಕ್ರೋಮಿಯಂ ಸುಮಾರು ಶೇ. 18, ನಿಕಲ್ ಸುಮಾರು ಶೇ. 10 ಇರುವ, ಟೈಟಾನಿಯಂ ಬೆರೆತ ಉಕ್ಕು ಎಂದು ಓದಿಕೊಳ್ಳಬಹುದು. ಭಾರತೀಯ ಮಾನಕ ಐಎಸ್ 1570ರ ಐದನೆಯ ಭಾಗವೂ ಇದೇ ಬಗೆಯ ಸಂಯೋಜನಾಸೂಚಕ ಹೆಸರುಗಳನ್ನು ಅನುಸರಿಸಿದ್ದು, 1985ರ ಪರಿಷ್ಕರಣದಲ್ಲಿ ಎಕ್ಸ್04ಸಿಆರ್19ಎನ್‌ಐ9 ಮೊದಲಾದ ರೂಪಗಳು ಕಂಡುಬರುತ್ತವೆ.

ಪ್ರಮುಖ ದರ್ಜೆಗಳ ರೂಢಿಗತ ಸಮಾನತೆಯನ್ನು ಹೀಗೆ ಸಂಗ್ರಹಿಸಬಹುದು:

304: ಯುರೋಪ್ 1.4301, ಜಪಾನ್ ಎಸ್‌ಯುಎಸ್ 304, ರಷ್ಯಾ 08ಖ18ನ10, ಭಾರತ ಎಕ್ಸ್04ಸಿಆರ್19ಎನ್‌ಐ9.
316: ಯುರೋಪ್ 1.4401 ಮತ್ತು 1.4436, ಜಪಾನ್ ಎಸ್‌ಯುಎಸ್ 316, ಭಾರತ ಎಕ್ಸ್04ಸಿಆರ್17ಎನ್‌ಐ12ಎಂಒ2.
321: ಯುರೋಪ್ 1.4541; ಜಪಾನ್ ಎಸ್‌ಯುಎಸ್ 321; ರಷ್ಯಾ 08ಖ18ನ10ತ.
410: ಯುರೋಪ್ 1.4006, ಜಪಾನ್ ಎಸ್‌ಯುಎಸ್ 410, ರಷ್ಯಾ 12ಖ13, ಭಾರತ ಎಕ್ಸ್12ಸಿಆರ್12.
420: ಯುರೋಪ್ 1.4021, ಜಪಾನ್ ಎಸ್‌ಯುಎಸ್ 420ಜೆ1, ರಷ್ಯಾ 20ಖ13, ಭಾರತ ಎಕ್ಸ್20ಸಿಆರ್13.
430: ಯುರೋಪ್ 1.4016, ಜಪಾನ್ ಎಸ್‌ಯುಎಸ್ 430, ರಷ್ಯಾ 12ಖ17.

ಸಮಾನತೆಯ ಸ್ವರೂಪ

ಮೇಲಿನ ಕೋಷ್ಟಕದ ಒಂದೊಂದು ಸಾಲೂ ಒಂದೇ ಲೋಹವನ್ನು ಸೂಚಿಸುವುದೆಂದು ತಿಳಿಯುವುದು ಸರಿಯಲ್ಲ. ಪ್ರತಿ ಮಾನಕವೂ ಧಾತುಗಳ ನಿಖರ ಪ್ರಮಾಣವನ್ನಲ್ಲ, ಅವುಗಳ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ನಿಗದಿಪಡಿಸುತ್ತದೆ. 304ರ ಸಾಲನ್ನೇ ಉದಾಹರಣೆಯಾಗಿ ನೋಡಬಹುದು. ಜಪಾನಿನ ಎಸ್‌ಯುಎಸ್ 304ರಲ್ಲಿ ಇಂಗಾಲ ಗರಿಷ್ಠ ಶೇ. 0.08, ಕ್ರೋಮಿಯಂ ಶೇ. 18ರಿಂದ 20, ನಿಕಲ್ ಶೇ. 8ರಿಂದ 10.5. ಐರೋಪ್ಯ 1.4301ರಲ್ಲಿ ಇಂಗಾಲ ಗರಿಷ್ಠ ಶೇ. 0.07, ಕ್ರೋಮಿಯಂ ಶೇ. 17.5ರಿಂದ 19.5, ನಿಕಲ್ ಶೇ. 8ರಿಂದ 10.5. ರಷ್ಯಾದ 08ಖ18ನ10ರಲ್ಲಿ ಇಂಗಾಲ ಗರಿಷ್ಠ ಶೇ. 0.08, ಕ್ರೋಮಿಯಂ ಶೇ. 17ರಿಂದ 19, ನಿಕಲ್ ಶೇ. 9ರಿಂದ 11.

ಈಗ ಶೇ. 17.6 ಕ್ರೋಮಿಯಂ ಮತ್ತು ಶೇ. 8.2 ನಿಕಲ್ ಇರುವ ಒಂದು ಎರಕವನ್ನು ಊಹಿಸಿಕೊಂಡರೆ, ಅದು ಯುರೋಪಿನಲ್ಲಿ 1.4301 ಎಂದು ಮಾರಾಟವಾಗಬಲ್ಲದು. ಆದರೆ ಜಪಾನಿನ ಮಾನಕದಂತೆ ಕ್ರೋಮಿಯಂ ಸಾಲದು, ರಷ್ಯಾದ ಮಾನಕದಂತೆ ನಿಕಲ್ ಸಾಲದು. ಶೇ. 19.4 ಕ್ರೋಮಿಯಂ, ಶೇ. 9.5 ನಿಕಲ್ ಇರುವ ಎರಕವು ಜಪಾನ್ ಹಾಗೂ ಯುರೋಪುಗಳಲ್ಲಿ ಅಂಗೀಕಾರವಾದರೂ ರಷ್ಯಾದ ಮಿತಿಯನ್ನು ಮೀರುತ್ತದೆ. ಮೂರೂ ಮಾನಕಗಳನ್ನು ಏಕಕಾಲಕ್ಕೆ ತೃಪ್ತಿಪಡಿಸುವ ವಲಯವೊಂದು ಅವಶ್ಯವಾಗಿ ಇದೆ. ಇಂಗಾಲ ಶೇ. 0.07ರೊಳಗೆ, ಕ್ರೋಮಿಯಂ ಶೇ. 18ರಿಂದ 19, ನಿಕಲ್ ಶೇ. 9ರಿಂದ 10.5 ಇದ್ದಾಗ ಈ ಮೂರು ಧಾತುಗಳ ಮಟ್ಟಿಗೆ ಯಾವ ತಕರಾರೂ ಇರುವುದಿಲ್ಲ. ಆದ್ದರಿಂದ ‘ಸಮಾನ’ ಎಂಬ ಮಾತಿಗೆ ಪರಸ್ಪರ ಅತಿಕ್ರಮಿಸುವ ವಲಯಗಳು ಎಂಬ ಅರ್ಥವನ್ನಷ್ಟೇ ಕೊಡಬಹುದಾಗಿದೆ. ಅಮೆರಿಕದ ಎ240 ಮಾನಕದಲ್ಲಿಯೂ ಹಿಂದೆ 304ಕ್ಕೆ ಶೇ. 18ರಿಂದ 20 ಎಂದಿದ್ದ ಕ್ರೋಮಿಯಂ ಮಿತಿಯು ಮುಂದೆ ಶೇ. 17.5ರಿಂದ 19.5ಕ್ಕೆ ಬದಲಾಗಿ ಐರೋಪ್ಯ ಮಿತಿಗೆ ಹೊಂದಿಕೊಂಡಿತು. ಅಂದರೆ ಸಂಖ್ಯೆ ಬದಲಾಗದೆ ಉಳಿದರೂ ಅದು ಸೂಚಿಸುವ ವಸ್ತು ಬದಲಾಗಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೆಸರಿನಲ್ಲಿಯೇ ಅಡಗಿರುವ ಇಂಗಾಲದ ಅಂಕಿಯೂ ಇಂತಹ ಭ್ರಮೆಗೆ ಎಡೆಮಾಡಿಕೊಡುತ್ತದೆ. ಭಾರತೀಯ ಹೆಸರಿನಲ್ಲಿ 04, ಚೀನಾದ 2007ರ ಮಾನಕದ 06ಸಿಆರ್19ಎನ್‌ಐ10 ಎಂಬ ಹೆಸರಿನಲ್ಲಿ 06, ರಷ್ಯಾದ ಹೆಸರಿನಲ್ಲಿ 08 ಎಂದಿದೆ. ಇವುಗಳನ್ನು ನೋಡಿದವರಿಗೆ ಮೂರು ಉಕ್ಕುಗಳಲ್ಲಿ ಇಂಗಾಲ ಬೇರೆಬೇರೆಯೆಂದು ತೋರುವುದು ಸಹಜ. ವಾಸ್ತವದಲ್ಲಿ ಮೂರರಲ್ಲಿಯೂ ಗರಿಷ್ಠ ಮಿತಿ ಶೇ. 0.08. ಒಂದು ಪದ್ಧತಿ ಗರಿಷ್ಠ ಮಿತಿಯನ್ನು ಬರೆದರೆ ಇನ್ನೊಂದು ಅದಕ್ಕಿಂತ ಕೆಳಗಿನ ಪ್ರಾತಿನಿಧಿಕ ಅಂಕಿಯನ್ನು ಬರೆಯುತ್ತದೆ, ಅಷ್ಟೆ.

316ರ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚಿನದು. ಉಪ್ಪುನೀರಿನ ಕ್ಲೋರೈಡುಗಳಿಂದ ಉಂಟಾಗುವ ಚುಕ್ಕೆ ಸವೆತವನ್ನು ತಡೆಯಲು ಈ ದರ್ಜೆಗೆ ಮಾಲಿಬ್ಡಿನಂ ಬೆರೆಸಲಾಗುತ್ತದೆ. ಅಮೆರಿಕದ ಮಾನಕ ಶೇ. 2ರಿಂದ 3ರವರೆಗೆ ಒಂದೇ ದರ್ಜೆಯೆಂದು ಪರಿಗಣಿಸಿದರೆ, ಯುರೋಪ್ ಅದನ್ನು ಎರಡಾಗಿ ವಿಭಜಿಸಿದೆ. ಶೇ. 2ರಿಂದ 2.5 ಇದ್ದರೆ 1.4401, ಶೇ. 2.5ರಿಂದ 3 ಇದ್ದರೆ 1.4436. ಇಂಗಾಲ ಕಡಿಮೆಯಿರುವ 316ಎಲ್ ದರ್ಜೆಗೆ ಪ್ರತಿಯಾಗಿ 1.4404, 1.4432 ಮತ್ತು 1.4435 ಎಂಬ ಮೂರು ಸಂಖ್ಯೆಗಳಿವೆ. ಇವುಗಳಲ್ಲಿ ಕೊನೆಯದರಲ್ಲಿ ನಿಕಲ್ ಕನಿಷ್ಠ ಶೇ. 12.5 ಇರಬೇಕು. ಔಷಧ ತಯಾರಿಕೆಯ ಸಲಕರಣೆಗೆ 1.4435 ಬೇಕೆಂದು ಕೇಳಿದವರಿಗೆ ಶೇ. 10ರಷ್ಟೇ ನಿಕಲ್ ಇರುವ 316ಎಲ್ ಕೊಟ್ಟರೆ ಕೋಷ್ಟಕದ ಪ್ರಕಾರ ಅದು ಸರಿ, ಮಾನಕದ ಪ್ರಕಾರ ತಪ್ಪು.

ಬೆಸುಗೆಯ ಸಮಸ್ಯೆ ಮತ್ತು ಎರಡು ಪರಂಪರೆಗಳು

ದೇಶದೇಶಗಳ ದರ್ಜೆಗಳು ಭಿನ್ನವಾಗಲು ಆಡಳಿತಾತ್ಮಕ ಕಾರಣಗಳಷ್ಟೇ ಅಲ್ಲದೆ ತಾಂತ್ರಿಕ ಇತಿಹಾಸವೂ ಕಾರಣವಾಗಿದೆ. ಕ್ರೋಮಿಯಂ-ನಿಕಲ್ ಉಕ್ಕನ್ನು ಬೆಸೆದಾಗ, ಬೆಸುಗೆಯ ಪಕ್ಕದ ಭಾಗವು ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲಕಾಲ ಉಳಿಯುತ್ತದೆ. ಆಗ ಇಂಗಾಲವು ಕ್ರೋಮಿಯಂನೊಡನೆ ಸೇರಿ ಲೋಹದ ಕಣಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ನೆಲೆಗೊಳ್ಳುತ್ತದೆ. ಅದರ ನೆರೆಯಲ್ಲಿ ಕ್ರೋಮಿಯಂ ಕೊರತೆಯುಂಟಾಗಿ, ಆಮ್ಲ ತಾಗಿದಾಗ ಉಕ್ಕು ಕಣಗಳ ಅಂಚಿನುದ್ದಕ್ಕೂ ಸವೆದು ಬಿರುಕು ಬಿಡುತ್ತದೆ. 1920ರ ದಶಕದಲ್ಲಿ ರಾಸಾಯನಿಕ ಕಾರ್ಖಾನೆಗಳನ್ನು ಕಾಡಿದ ದೋಷವಿದು.

ಇದಕ್ಕೆ ಎರಡು ಪರಿಹಾರಗಳಿದ್ದವು. ಇಂಗಾಲವನ್ನು ಹಿಡಿದಿಡುವ ಟೈಟಾನಿಯಂ ಅಥವಾ ನಯೋಬಿಯಂ ಬೆರೆಸುವುದು ಒಂದು, ಇಂಗಾಲವನ್ನೇ ಶೇ. 0.03ಕ್ಕೆ ಇಳಿಸುವುದು ಇನ್ನೊಂದು. ಹಳೆಯ ವಿದ್ಯುತ್ ಕುಲುಮೆಗಳಲ್ಲಿ ಇಂಗಾಲವನ್ನು ಅಷ್ಟು ಇಳಿಸಲು ಹೋದರೆ ದುಬಾರಿಯಾದ ಕ್ರೋಮಿಯಂ ಕೂಡ ಉರಿದುಹೋಗುತ್ತಿದ್ದುದರಿಂದ ಮೊದಲ ಪರಿಹಾರವೇ ಸುಲಭವಾಗಿತ್ತು. ಸೋವಿಯೆತ್ ಉದ್ಯಮವು 12ಖ18ನ10ತ ದರ್ಜೆಯನ್ನೂ ಜರ್ಮನ್ ಉದ್ಯಮವು ಟೈಟಾನಿಯಂ ಸೇರಿದ 1.4541 ಮತ್ತು 1.4571 ದರ್ಜೆಗಳನ್ನೂ ವ್ಯಾಪಕವಾಗಿ ಅವಲಂಬಿಸಿದ್ದು ಈ ಹಿನ್ನೆಲೆಯಲ್ಲಿಯೇ.

1954ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ವಿಲಿಯಂ ಕ್ರಿವ್‌ಸ್ಕಿ ಕರಗಿದ ಲೋಹಕ್ಕೆ ಆಮ್ಲಜನಕದ ಜೊತೆ ಆರ್ಗಾನ್ ಅನಿಲವನ್ನು ಊದಿದರೆ ಕ್ರೋಮಿಯಂ ನಷ್ಟವಾಗದೆ ಇಂಗಾಲ ಮಾತ್ರ ಹೊರಹೋಗುವುದೆಂಬುದನ್ನು ಪ್ರಯೋಗದಲ್ಲಿ ಕಂಡುಕೊಂಡನು. 1968ರಲ್ಲಿ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಈ ವಿಧಾನದ ಮೊದಲ ವಾಣಿಜ್ಯ ಘಟಕ ಕೆಲಸ ಆರಂಭಿಸಿತು. ಅನಂತರ 304ಎಲ್, 316ಎಲ್ ದರ್ಜೆಗಳು ಅಗ್ಗವಾಗಿ ದೊರೆಯತೊಡಗಿದವು. ಆದರೂ ಟೈಟಾನಿಯಂ ದರ್ಜೆಗಳನ್ನು ನಂಬಿ ರೂಪಿಸಿದ್ದ ನಕ್ಷೆ, ಸಂಹಿತೆ ಮತ್ತು ಕುಶಲಕರ್ಮಿಗಳ ಅಭ್ಯಾಸಗಳು ಒಮ್ಮೆಲೇ ಬದಲಾಗಲಿಲ್ಲ. ಒಂದೇ ರೋಗಕ್ಕೆ ಎರಡು ಕಾಲಗಳು ಕಂಡುಕೊಂಡ ಎರಡು ಔಷಧಗಳು ಇಂದಿಗೂ ಜೊತೆಜೊತೆಯಾಗಿ ಮಾನಕಗಳಲ್ಲಿ ಉಳಿದುಬಂದಿವೆ. 316ಎಲ್ ಮತ್ತು 1.4571 ಬಳಕೆಯಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಹುದಾದರೂ ರಾಸಾಯನಿಕವಾಗಿ ಬೇರೆ. ಟೈಟಾನಿಯಂ ಇರುವ ಉಕ್ಕಿಗೆ ಕನ್ನಡಿಯಂತಹ ಹೊಳಪು ಕೊಡುವುದು ಕಷ್ಟವಾದರೆ, ಇಂಗಾಲ ಕಡಿಮೆಯಾದ ಉಕ್ಕಿನ ಕನಿಷ್ಠ ಬಲದ ಮಿತಿ ತಗ್ಗುತ್ತದೆ. ಅಮೆರಿಕದ ಮಾನಕದಲ್ಲಿ 304ರ ಇಳುವರಿ ಬಲ ಕನಿಷ್ಠ 205 ಮೆಗಾಪ್ಯಾಸ್ಕಲ್ ಇರಬೇಕಾದರೆ 304ಎಲ್‌ಗೆ 170 ಸಾಕು.

ಭಾರತದ ಸಂದರ್ಭ

ಸ್ವಾತಂತ್ರ್ಯಾನಂತರದ ಭಾರತಕ್ಕೆ ಸಮಾನತೆಯ ಕೋಷ್ಟಕಗಳು ನಿತ್ಯದ ಅಗತ್ಯವಾಗಿದ್ದವು. ಭಿಲಾಯಿಯ ಉಕ್ಕಿನ ಕಾರ್ಖಾನೆ ಸೋವಿಯೆತ್ ನೆರವಿನಿಂದ, ರೂರ್ಕೆಲಾ ಜರ್ಮನಿಯ ನೆರವಿನಿಂದ, ದುರ್ಗಾಪುರ ಬ್ರಿಟನ್ನಿನ ನೆರವಿನಿಂದ ಸ್ಥಾಪನೆಗೊಂಡವು. ಬೆಂಗಳೂರಿನಲ್ಲಿ 1953ರಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗ ಪಡೆದಿತ್ತು. ಹೀಗೆ ನಾಲ್ಕಾರು ಭಾಷೆಗಳ ನಕ್ಷೆಗಳು ಏಕಕಾಲಕ್ಕೆ ದೇಶದಲ್ಲಿ ಬಳಕೆಯಲ್ಲಿದ್ದಾಗ ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸಲು ವಿದೇಶೀ ಸಂಕೇತಕ್ಕೆ ತಕ್ಕ ಸ್ವದೇಶೀ ಉಕ್ಕನ್ನು ಗುರುತಿಸಬೇಕಾಗಿತ್ತು.

ಕಚ್ಚಾವಸ್ತುಗಳ ಸ್ಥಿತಿಯೂ ದರ್ಜೆಗಳ ಆಯ್ಕೆಯನ್ನು ನಿರ್ಧರಿಸಿತು. ಕ್ರೋಮಿಯಂ ಅದಿರು ಭಾರತದಲ್ಲಿ ಸಮೃದ್ಧವಾಗಿದೆ. ಅದರ ಬಹುಭಾಗ ಒಡಿಶಾದ ಸುಕಿಂದಾ ಕಣಿವೆಯಲ್ಲಿದ್ದು, ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರ ಪ್ರದೇಶದಲ್ಲಿಯೂ ಕ್ರೋಮೈಟ್ ನಿಕ್ಷೇಪಗಳಿವೆ. ಆದರೆ ನಿಕಲ್‌ಗೆ ಆಮದೇ ಗತಿ. ಕೊರಿಯಾ ಯುದ್ಧದ ಅವಧಿಯಲ್ಲಿ ನಿಕಲ್ ಅಭಾವ ತಲೆದೋರಿದಾಗ ಅಮೆರಿಕವು ನಿಕಲ್‌ನ ಒಂದಂಶಕ್ಕೆ ಬದಲಾಗಿ ಮ್ಯಾಂಗನೀಸ್ ಮತ್ತು ಸಾರಜನಕಗಳನ್ನು ಬಳಸುವ 201, 202 ದರ್ಜೆಗಳನ್ನು 1950ರ ದಶಕದಲ್ಲಿ ರೂಢಿಗೆ ತಂದಿತ್ತು. ವಿದೇಶೀ ವಿನಿಮಯದ ಕೊರತೆಯಿದ್ದ ಭಾರತಕ್ಕೆ ಈ ಮಾರ್ಗ ಆಕರ್ಷಕವಾಗಿ ಕಂಡುದು ಸಹಜ. ಜಮ್ಶೆಡ್‌ಪುರದ ರಾಷ್ಟ್ರೀಯ ಲೋಹವಿಜ್ಞಾನ ಪ್ರಯೋಗಾಲಯವು ನಿಕಲ್‌ರಹಿತ ಕ್ರೋಮಿಯಂ-ಮ್ಯಾಂಗನೀಸ್-ಸಾರಜನಕ ಉಕ್ಕಿನ ಸಂಶೋಧನೆಯನ್ನು ಕೈಗೊಂಡಿತು. ಮುಂದೆ ಪಾತ್ರೆ ತಯಾರಿಕೆಯಲ್ಲಿ ಶೇ. 1ರ ಆಸುಪಾಸಿನಷ್ಟು ಮಾತ್ರ ನಿಕಲ್ ಇರುವ ಉಕ್ಕುಗಳೂ ಬಳಕೆಗೆ ಬಂದವು.

ಸಮಾನತೆಯ ಪ್ರಶ್ನೆ ಜನಸಾಮಾನ್ಯರನ್ನು ಮುಟ್ಟುವುದು ಇಲ್ಲಿಯೇ. ಹಿತ್ತಾಳೆ, ತಾಮ್ರ, ಕಂಚುಗಳ ಸ್ಥಾನವನ್ನು ಆಕ್ರಮಿಸಿದ ಪಾತ್ರೆಯನ್ನು ಕನ್ನಡಿಗರು ‘ಸ್ಟೀಲ್’ ಎಂಬ ಒಂದೇ ಮಾತಿನಿಂದ ಕರೆಯುತ್ತಾರೆ. ಆ ಒಂದು ಮಾತಿನೊಳಗೆ 304, 202, 430 ಮತ್ತು ಯಾವ ಅಂತಾರಾಷ್ಟ್ರೀಯ ಸಂಖ್ಯೆಗೂ ಸೇರದ ದರ್ಜೆಗಳೆಲ್ಲವೂ ಅಡಗಿವೆ. ಹೊಸದರಲ್ಲಿ ಎಲ್ಲದರ ಹೊಳಪೂ ಒಂದೇ. ಕಾಂತಕ್ಕೆ ಅಂಟದಿದ್ದರೆ ಉತ್ತಮ ಉಕ್ಕೆಂಬ ರೂಢಿಯ ಪರೀಕ್ಷೆಯೂ ಭರವಸೆಗೆ ಯೋಗ್ಯವಲ್ಲ. ಮ್ಯಾಂಗನೀಸ್ ಉಕ್ಕೂ ಕಾಂತಕ್ಕೆ ಅಂಟುವುದಿಲ್ಲ, ಅದೇ ವೇಳೆ ಬಡಿದು ಎಳೆದು ರೂಪಿಸಿದ 304ರ ಪಾತ್ರೆ ಅಂಚಿನಲ್ಲಿ ಕೊಂಚ ಅಂಟಬಹುದು. ಉಪ್ಪು, ಹುಣಸೆಹಣ್ಣು, ಉಪ್ಪಿನಕಾಯಿಗಳ ನಿತ್ಯ ಸಂಪರ್ಕದಲ್ಲಿ ಕ್ರೋಮಿಯಂ ಕಡಿಮೆಯಿರುವ ಪಾತ್ರೆಯು ಚುಕ್ಕೆ ಹಿಡಿದಾಗಷ್ಟೇ ವ್ಯತ್ಯಾಸ ಗೋಚರಿಸುತ್ತದೆ. ಕಡಿಮೆ ನಿಕಲ್‌ನ ಉಕ್ಕು ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಅದಕ್ಕೂ ತಕ್ಕ ಉಪಯೋಗಗಳಿವೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ಮಾತ್ರ ಆಕ್ಷೇಪಾರ್ಹ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಐಎಸ್ 15997 ಎಂಬ ಪ್ರತ್ಯೇಕ ಮಾನಕವನ್ನು ಕಡಿಮೆ ನಿಕಲ್‌ನ ಪಾತ್ರೆ ಉಕ್ಕಿಗಾಗಿ ಹೊರಡಿಸಿದ್ದು, ಇಂತಹ ಲೋಹಕ್ಕೂ ಅದರದೇ ಹೆಸರು ಇರಬೇಕೆಂಬ ತತ್ತ್ವವನ್ನು ಒಪ್ಪಿದಂತಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸುವ ಆದೇಶವನ್ನು ಹೊರಡಿಸಿತು.

ಉಪಸಂಹಾರ

ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 15510 ಈ ಬಹುತ್ವವನ್ನು ಅಳಿಸಲು ಹೋಗದೆ ಅದನ್ನು ದಾಖಲಿಸುವ ಮಾರ್ಗವನ್ನು ಆರಿಸಿಕೊಂಡಿದೆ. ಅದರಲ್ಲಿ 304ರ ಗುರುತು 4301-304-00-ಐ. ಮೊದಲ ನಾಲ್ಕು ಅಂಕಿಗಳು ಯುರೋಪಿನವು, ನಡುವಿನವು ಅಮೆರಿಕದವು, ಕೊನೆಯ ಅಕ್ಷರ ಆ ಸಂಯೋಜನೆ ಅಂತಾರಾಷ್ಟ್ರೀಯವೆಂಬುದರ ಸೂಚಕ. ಎಸ್ಸೆನ್ನಿನ ಪ್ರಯೋಗಶಾಲೆಯ ಕಡತದಿಂದ ಹೊರಟ ಪರಂಪರೆಯೂ ಅಮೆರಿಕದ ಮೂರಂಕಿಯ ಪರಂಪರೆಯೂ ಈ ಒಂದು ಸಾಲಿನಲ್ಲಿ ಸಂಧಿಸಿರುವುದನ್ನು ಕಾಣಬಹುದು.

ಒಟ್ಟಿನಲ್ಲಿ, ತುಕ್ಕು ನಿರೋಧಕ ಉಕ್ಕಿನ ದರ್ಜೆಸಂಖ್ಯೆಗಳು ಕೇವಲ ತಾಂತ್ರಿಕ ಸಂಕೇತಗಳಲ್ಲ. ಯುದ್ಧ, ಅಭಾವ, ಪೇಟೆಂಟ್ ಸ್ಪರ್ಧೆ, ಕುಲುಮೆಯ ಮಿತಿ ಮತ್ತು ವ್ಯಾಪಾರದ ಒತ್ತಡಗಳ ಕುರುಹುಗಳನ್ನು ಅವು ಹೊತ್ತಿವೆ. ಆದ್ದರಿಂದ ಸಮಾನತೆಯ ಕೋಷ್ಟಕವನ್ನು ಬಳಸುವವರು ಅದನ್ನು ವಿಚಾರಣೆಯ ಆರಂಭವೆಂದು ಭಾವಿಸಬೇಕೇ ಹೊರತು ಅಂತಿಮ ಉತ್ತರವೆಂದಲ್ಲ. ಯಾವ ಮಾನಕ, ಯಾವ ವರ್ಷದ ಪರಿಷ್ಕರಣ, ಯಾವ ಬಳಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಒಂದು ಸಂಖ್ಯೆಯ ಬದಲು ಇನ್ನೊಂದನ್ನು ಬರೆಯಬಹುದು. ಗಂಧಕಾಮ್ಲವೊಂದರಲ್ಲಿ ಕಂಡ ಫಲಿತಾಂಶವನ್ನು ನಂಬಿ ಹ್ಯಾಡ್‌ಫೀಲ್ಡ್ 1892ರಲ್ಲಿ ಕೈಬಿಟ್ಟ ಲೋಹವೇ ಇಂದು ಮನೆಮನೆಯ ಅಡುಗೆಯ ಪಾತ್ರೆಯಾಗಿದೆ ಎಂಬ ಸಂಗತಿ ಈ ಎಚ್ಚರಿಕೆಯ ಅಗತ್ಯವನ್ನು ಸಾಕಷ್ಟು ಸಮರ್ಥಿಸುತ್ತದೆ.